ಹರಾಜಿಗೆ ಹೋದ ಚಿತ್ರಗಳು

ಕುಂಚ ಹಿಡಿದ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಹಲವರಿಗೆ ಒಂದು ಕೊರಗಿದೆ. ಕ್ಯಾನ್ವಾಸಿನ ಮೇಲೆ ಬರೆದರೆ ಕಲೆ, ಸೀರೆಯ ಸೆರಗಿಗೋ ಪುಸ್ತಕದ ಮುಖಪುಟಕ್ಕೋ ಬರೆದರೆ ಬರೀ ಹೊಟ್ಟೆಪಾಡು ಅಂತ. ಈ ಕೊರಗು ಹತ್ತಿದವರು ಒಟ್ಟೊ ಎಕ್‌ಮನ್ ಎಂಬ ಜರ್ಮನ್ ಕಲಾವಿದನ ಬದುಕನ್ನು ಒಮ್ಮೆ ನೋಡಬೇಕು.

1865ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದವರು. ಮ್ಯೂನಿಕ್ ಅಕಾಡೆಮಿಯಲ್ಲಿ ಕಲಿತು ವರ್ಣಚಿತ್ರಕಾರರಾದರು. 1894ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ತಮ್ಮ ವರ್ಣಚಿತ್ರಗಳನ್ನು ಹರಾಜಿಗೆ ಹಾಕಿ ಅಲಂಕಾರ ಕಲೆಗೆ ಬಂದರು. ಆ ಧೈರ್ಯ ದೊಡ್ಡದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲೆ ಅವರು ಮತ್ತೆ ವಿದ್ಯಾರ್ಥಿಯಾದದ್ದು. ಹ್ಯಾಂಬರ್ಗಿನ ಮ್ಯೂಸಿಯಮ್ಮಿನಲ್ಲಿ ಯುಸ್ಟುಸ್ ಬ್ರಿಂಕ್‌ಮನ್ ಕೂಡಿಹಾಕಿದ್ದ ಜಪಾನೀ ಚಿತ್ರಗಳನ್ನು ಕಣ್ಣಿಟ್ಟು ನೋಡಿದರು, ಮರದಚ್ಚಿನ ಬಣ್ಣದ ಮುದ್ರಣವನ್ನು ಕಲಿತರು.

ಅವರ ‘ಐದು ಹಂಸಗಳು’ ಎಂಬ ಗೋಡೆತೂಗು ನೇಯ್ಗೆಯ ಚಿತ್ರ ಸಿಕ್ಕರೆ ಬಿಡಬೇಡಿ. ಕಿರಿದಾದ, ಉದ್ದನೆಯ ಪಟ್ಟಿ. ಮೇಲೆ ಶರತ್ಕಾಲದ ಮರಗಳು, ಅವುಗಳ ನಡುವಿನಿಂದ ಬಳುಕುತ್ತ ಇಳಿಯುವ ಹೊಳೆ, ಅದರ ಮೇಲೆ ಒಂದರ ಹಿಂದೊಂದು ಬಿಳಿ ಹಂಸ. ನೆರಳು ಬೆಳಕಿನ ಆಟವಿಲ್ಲ. ಬಣ್ಣಗಳು ಸಪಾಟಾಗಿ ಹರಡಿವೆ, ಗೆರೆಯೇ ಎಲ್ಲವನ್ನೂ ಹೇಳುತ್ತದೆ. ಮಗ್ಗಕ್ಕೆ ಏನು ಒಗ್ಗುತ್ತದೆ ಎಂದು ತಿಳಿದವರು ಮಾತ್ರ ಹೀಗೆ ಬರೆಯಬಲ್ಲರು. ಷೆರೆಬೆಕ್ ಊರಿನ ಮಗ್ಗಗಳು ಅದರ ಪ್ರತಿಯ ಮೇಲೆ ಪ್ರತಿ ನೇಯ್ದವು.

1897ರಲ್ಲಿ ಬರ್ಲಿನ್ನಿನ ಅಲಂಕಾರ ಕಲೆಗಳ ಮ್ಯೂಸಿಯಮ್ಮಿನ ಶಾಲೆ ಅವರನ್ನು ಪಾಠಕ್ಕೆ ಕರೆಯಿತು. 1900ರಲ್ಲಿ ಆಫೆನ್‌ಬಾಖ್‌ನ ಅಚ್ಚುಮೊಳೆ ಕಾರ್ಖಾನೆಯೊಂದು ಅವರ ಅಕ್ಷರಗಳನ್ನು ಎರಕ ಹೊಯ್ದಿತು. ಅವನ್ನು ಲೇಖನಿಯಿಂದಲ್ಲ, ಕುಂಚದಿಂದ ಬರೆದಿದ್ದರು. ಹಾಗಾಗಿ ಒಂದೊಂದು ಅಕ್ಷರವೂ ಹೂವಿನ ದೇಟಿನಂತೆ ತೆಳುವಾಗಿ ಎದ್ದು ತುದಿಯಲ್ಲಿ ತುಂಬಿಕೊಳ್ಳುತ್ತದೆ.

1902ರಲ್ಲಿ, 36ರ ವಯಸ್ಸಿಗೇ ಕ್ಷಯ ಅವರನ್ನು ಕೊಂಡೊಯ್ದಿತು. ಹೊಸ ಹಾದಿಯಲ್ಲಿ ಸಿಕ್ಕದ್ದು ಎಂಟೇ ವರ್ಷ. ಇಂದಿಗೂ ಆ ಅಕ್ಷರಗಳು ಕಂಪ್ಯೂಟರಿನಲ್ಲಿ ಅವರದೇ ಹೆಸರಿನಲ್ಲಿ ಸಿಗುತ್ತವೆ.

ನಾಳೆ ಯಾರಾದರೂ ಲಗ್ನಪತ್ರಿಕೆಗೆ ಬಳ್ಳಿ ಬರೆದುಕೊಡಿ ಎಂದರೆ ಮುಖ ಸಿಂಡರಿಸಬೇಡಿ. ಒಪ್ಪಿಕೊಳ್ಳಿ. ಬರೆಯುವ ಮೊದಲು ಪ್ರೆಸ್ಸಿಗೆ ಹೋಗಿ, ಕಾಗದ ಮುಟ್ಟಿ ನೋಡಿ, ಶಾಯಿ ಹೇಗೆ ಕೂರುತ್ತದೆ ಎಂದು ಅಲ್ಲಿನ ಕೆಲಸಗಾರರನ್ನು ಕೇಳಿ ತಿಳಿದುಕೊಳ್ಳಿ.