ಹಳೆಯ ಆಂಪ್ಲಿಫೈಯರಿನ ಬಲಾಬಲ

ಹೋಮ್ ಥಿಯೇಟರಿಗಾಗಿ ಐದು ಅಥವಾ ಏಳು ಚಾನೆಲುಗಳ ಹಳೆಯ ಆಂಪ್ಲಿಫೈಯರನ್ನು ಕೊಳ್ಳಹೊರಟವರು ಮೊದಲು ನೋಡುವುದು ವಾಟುಗಳ ಸಂಖ್ಯೆಯನ್ನು. 100 ವಾಟಿನದಕ್ಕಿಂತ 200 ವಾಟಿನದು ಎರಡರಷ್ಟು ಗಟ್ಟಿಯಾಗಿ ನುಡಿಯುವುದೆಂದು ಭಾವಿಸಿ ಇಮ್ಮಡಿ ಹಣ ತೆರುವವರುಂಟು. ಕಿವಿಯ ಲೆಕ್ಕವೇ ಬೇರೆ. ಸಾಮರ್ಥ್ಯವು ಇಮ್ಮಡಿಯಾದರೆ ಶಬ್ದದ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಶಬ್ದವು ಎರಡರಷ್ಟಾದಂತೆ ತೋರಲು ಸುಮಾರು 10 ಡೆಸಿಬೆಲ್, ಎಂದರೆ ಹತ್ತುಪಟ್ಟು ಸಾಮರ್ಥ್ಯ ಬೇಕು.

ಆ ಸಂಖ್ಯೆಯಾದರೂ ಎರಡೇ ಚಾನೆಲುಗಳು ದುಡಿಯುವಾಗ ಅಳೆದುದಾಗಿರಬಹುದು. ಎಲ್ಲಕ್ಕೂ ಶಕ್ತಿಯನ್ನೊದಗಿಸುವುದು ಸಾಮಾನ್ಯವಾಗಿ ಒಂದೇ ಟ್ರಾನ್ಸ್‌ಫಾರ್ಮರ್. ಐದೂ ಒಮ್ಮೆಗೇ ಬೇಡಿದರೆ ಪ್ರತಿಯೊಂದರ ಪಾಲೂ ಕುಗ್ಗುತ್ತದೆ. ಎಲ್ಲ ಚಾನೆಲುಗಳೂ ದುಡಿಯುವಾಗಿನ ಅಂಕಿಯನ್ನು ಕೈಪಿಡಿಯಲ್ಲಿ ಹುಡುಕಬೇಕು.

ನಾವು ಹೆಚ್ಚು ಅಂಜುವುದು ಮುಪ್ಪಿಗೆ. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳೊಳಗಿನ ದ್ರವವು ಶಾಖಕ್ಕೆ ಸಿಕ್ಕಿ ವರ್ಷಗಳಲ್ಲಿ ಒಣಗುತ್ತದೆ. ಆಗ ಏಕಮುಖಗೊಳಿಸಿದ ವಿದ್ಯುತ್ತಿನ ಏರಿಳಿತವು ಪೂರ್ತಿಯಾಗಿ ಅಡಗದು. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇದು 100 ಹರ್ಟ್ಸಿನ ಗುಂಯ್‌ಗುಡುವಿಕೆಯಾಗಿ ಕೇಳಿಬರುತ್ತದೆ. ಆದುದರಿಂದ ಕೊಳ್ಳುವ ಮುನ್ನ, ಯಾವ ಸಂಗೀತವನ್ನೂ ಹಾಕದೆ, ಪ್ರತಿಯೊಂದು ಚಾನೆಲಿನ ಸ್ಪೀಕರಿಗೂ ಕಿವಿಗೊಟ್ಟು ಆಲಿಸಿರಿ. ಮಾರುವವನು ಅವಸರಪಡಿಸಿದರೂ ಸರಿಯೆ, ಅರ್ಧ ಗಂಟೆ ಬೆಚ್ಚಗಾದ ಮೇಲೆ ಮತ್ತೊಮ್ಮೆ ಆಲಿಸಿರಿ.