ಮಗುವಿನ ನಡಿಗೆ ಮತ್ತು ಸ್ನಾಯು ಪರೀಕ್ಷೆ

ಮಗು ಮೊದಲ ಹೆಜ್ಜೆ ಇಡುವ ದಿನವು ತಂದೆತಾಯಿಗಳಿಗೆ ಹಬ್ಬದ ದಿನ. ಕೆಲವು ಮಕ್ಕಳಲ್ಲಿ ಆ ಹೆಜ್ಜೆ ತಡವಾಗಿ ಬರುತ್ತದೆ. ಬಂದರೂ ಹಿಮ್ಮಡಿ ನೆಲಕ್ಕೆ ತಾಗದೆ ಮಗು ತುದಿಗಾಲಿನಲ್ಲಿ ನಡೆಯಬಹುದು. ಮೊಣಕಾಲು ಮಡಿಯದೆ ಕಾಲನ್ನು ಎಳೆಯಬಹುದು. ಪಾದವು ಒಳಮುಖವಾಗಿ ತಿರುಗಬಹುದು. ಇದಕ್ಕೆ ಒಂದು ಮುಖ್ಯ ಕಾರಣ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಪಾರ್ಶ್ವವಾಯು. ಇಂತಹ ಮಗುವಿನ ನಡಿಗೆಯನ್ನು ಹೇಗೆ ಪರೀಕ್ಷಿಸುತ್ತಾರೆ, ಅದರಿಂದ ಪ್ರಯೋಜನವೇನು ಎಂಬುದನ್ನು ಪತಿಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯ.

ದೋಷವಿರುವುದು ಎಲ್ಲಿ?

ಗರ್ಭದಲ್ಲಿರುವಾಗ, ಹೆರಿಗೆಯ ಸಮಯದಲ್ಲಿ ಅಥವಾ ಎಳೆವಯಸ್ಸಿನಲ್ಲಿ, ಬೆಳೆಯುತ್ತಿರುವ ಮಿದುಳಿಗೆ ಧಕ್ಕೆಯಾದರೆ ಈ ಸ್ಥಿತಿ ಉಂಟಾಗುತ್ತದೆ. ಅವಧಿಗೆ ಮುಂಚಿನ ಹೆರಿಗೆ, ನವಜಾತ ಶಿಶುವಿನ ತೀವ್ರ ಕಾಮಾಲೆ, ಮಿದುಳಿನ ಸೋಂಕು ಮೊದಲಾದವು ಇದಕ್ಕೆ ಕಾರಣವಾಗಬಲ್ಲವು. ಇದು ಅಂಟುರೋಗವಲ್ಲ, ಗ್ರಹಣದ ಫಲವೂ ಅಲ್ಲ. ಆದುದರಿಂದ ಮನೆಯ ಸೊಸೆಯನ್ನು ದೂರುವುದು ಅನ್ಯಾಯ. ಮಿದುಳಿಗಾದ ಧಕ್ಕೆ ಮುಂದೆ ಹೆಚ್ಚುವುದಿಲ್ಲ. ಆದರೆ ಬಿಗಿಯಾದ ಸ್ನಾಯುಗಳು ಮಗು ಬೆಳೆದಂತೆ ಗಿಡ್ಡವಾಗಿ, ಕೀಲುಗಳು ಸೆಟೆದುಕೊಳ್ಳಬಹುದು.

ಹೆಜ್ಜೆಯ ಕ್ರಮ

ಮೊಸರು ಕಡೆಯುವುದನ್ನು ನೆನೆದುಕೊಳ್ಳಿ. ಒಂದು ಕೈ ಹಗ್ಗವನ್ನು ಎಳೆಯುವಾಗ ಇನ್ನೊಂದು ಕೈ ಸಡಿಲ ಬಿಡಬೇಕು. ಎರಡೂ ಕೈಗಳು ಏಕಕಾಲಕ್ಕೆ ಎಳೆದರೆ ಕಡಗೋಲು ತಿರುಗದು. ಕಾಲಿನ ಸ್ನಾಯುಗಳೂ ಹೀಗೆಯೇ. ಕಾಲನ್ನು ಮುಂದಕ್ಕೆ ಒಯ್ಯುವಾಗ ಕಣಕಾಲಿನ ಮುಂಭಾಗದ ಸ್ನಾಯು ಪಾದವನ್ನು ಮೇಲಕ್ಕೆತ್ತುತ್ತದೆ. ಆಗ ಮೀನಖಂಡವು ಸಡಿಲವಾಗಿರುತ್ತದೆ. ಪಾದವನ್ನು ಊರಿ ಮೈಭಾರ ಅದರ ಮೇಲೆ ಬಂದ ಬಳಿಕ ಮೀನಖಂಡದ ಸರದಿ. ಮಿದುಳಿನ ಪಾರ್ಶ್ವವಾಯುವಿನಲ್ಲಿ ಈ ಸರದಿ ತಪ್ಪುತ್ತದೆ. ಪಾದವು ನೆಲ ಮುಟ್ಟುವ ಮುನ್ನವೇ ಮೀನಖಂಡ ಬಿಗಿಯಬಹುದು, ಇಲ್ಲವೆ ಎದುರುಬದುರಿನ ಸ್ನಾಯುಗಳು ಒಟ್ಟಿಗೆ ಎಳೆಯಬಹುದು.

ಪರೀಕ್ಷೆಯ ವಿಧಾನ

ಸ್ನಾಯು ಕೆಲಸ ಮಾಡುವಾಗ ಅದರಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಟಾರ್ಚಿನ ಒಂದು ಸೆಲ್ಲಿನಲ್ಲಿರುವುದು ಒಂದೂವರೆ ವೋಲ್ಟ್. ಚರ್ಮದ ಮೇಲೆ ದೊರೆಯುವ ಸ್ನಾಯುವಿನ ವಿದ್ಯುತ್ತು ಒಂದು ವೋಲ್ಟಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು, ಅಥವಾ ಅದಕ್ಕಿಂತಲೂ ಕಡಿಮೆ. ಇದನ್ನು ಯಂತ್ರದಿಂದ ಹಿಗ್ಗಿಸಿ ಗೆರೆಗಳಾಗಿ ತೋರಿಸುವ ವಿಧಾನಕ್ಕೆ ಎಲೆಕ್ಟ್ರೋಮಯೋಗ್ರಫಿ ಎಂದು ಹೆಸರು. ಆಸ್ಪತ್ರೆಯಲ್ಲಿ ಇದನ್ನು ಇ.ಎಂ.ಜಿ. ಎನ್ನುತ್ತಾರೆ.

ಚರ್ಮವನ್ನು ಶುಚಿಗೊಳಿಸಿ, ಸ್ನಾಯುಗಳ ಮೇಲೆ ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ. ಅನಂತರ ಮಗುವನ್ನು ಹಲವು ಬಾರಿ ನಡೆಸುತ್ತಾರೆ. ಪಾದವು ಯಾವಾಗ ನೆಲ ಮುಟ್ಟಿತು, ಯಾವಾಗ ಮೇಲೆದ್ದಿತು ಎಂಬುದನ್ನು ಪಾದದಡಿಯ ಸ್ವಿಚ್ಚು ಅಥವಾ ಕ್ಯಾಮೆರಾ ಗುರುತಿಸುತ್ತದೆ. ಎರಡನ್ನೂ ಹೋಲಿಸಿದಾಗ, ಯಾವ ಸ್ನಾಯು ತನ್ನ ಸರದಿಯಲ್ಲದ ವೇಳೆಯಲ್ಲಿ ಬಿಗಿಯುತ್ತಿದೆ ಎಂಬುದು ಗೊತ್ತಾಗುತ್ತದೆ. ಈ ಪರೀಕ್ಷೆಯಲ್ಲಿ ದೇಹದೊಳಕ್ಕೆ ವಿದ್ಯುತ್ತನ್ನು ಹಾಯಿಸುವುದಿಲ್ಲ. ಬಿಲ್ಲೆಗಳಿಂದ ನೋವಾಗುವುದಿಲ್ಲ. ಆಳದಲ್ಲಿರುವ ಸ್ನಾಯುವನ್ನು ಪರೀಕ್ಷಿಸಬೇಕಾದಾಗ ಮಾತ್ರ ಸೂಜಿಯ ಮೂಲಕ ಕೂದಲಿನಂತಹ ತಂತಿಯನ್ನು ಸೇರಿಸುತ್ತಾರೆ. ಚುಚ್ಚುವಾಗ ಸ್ವಲ್ಪ ನೋವಾಗುತ್ತದೆ.

ಇದರ ಅಗತ್ಯವೇನು?

ಪಾದವು ಒಳಮುಖವಾಗಿ ತಿರುಗಲು ಕಣಕಾಲಿನ ಮುಂಭಾಗದ ಸ್ನಾಯು ಕಾರಣವಿರಬಹುದು, ಹಿಂಭಾಗದ ಆಳದಲ್ಲಿರುವ ಸ್ನಾಯುವೂ ಕಾರಣವಿರಬಹುದು. ಬರಿಗಣ್ಣಿಗೆ ಎರಡು ಮಕ್ಕಳ ನಡಿಗೆಯೂ ಒಂದೇ ತೆರನಾಗಿ ಕಾಣುತ್ತದೆ. ಅಮೆರಿಕದ ವೈದ್ಯರಾದ ಜಾಕ್ವೆಲಿನ್ ಪೆರಿ ಮತ್ತು ಹಾಫರ್ ಅವರು ಇಂತಹ ಮಕ್ಕಳನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಹಾಗೂ ಅನಂತರ ಈ ವಿಧಾನದಿಂದ ಪರೀಕ್ಷಿಸಿದರು. ಯಾವ ಸ್ನಾಯುರಜ್ಜುವನ್ನು ಬೇರೆಡೆಗೆ ಜೋಡಿಸಬೇಕೆಂದು ನಿರ್ಧರಿಸಲು ಇದು ನೆರವಾಗುತ್ತದೆಂದು 1977ರಲ್ಲಿ ಪ್ರಕಟಿಸಿದರು. ತಪ್ಪು ಸ್ನಾಯುವಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಪಾದವು ಹೊರಮುಖವಾಗಿ ವಾಲಬಹುದು. ಹಿಮ್ಮಡಿಯ ಸ್ನಾಯುರಜ್ಜುವನ್ನು ಅತಿಯಾಗಿ ಉದ್ದಮಾಡಿದರೆ ಮಗು ಮೊಣಕಾಲು ಬಗ್ಗಿಸಿ ಕುಸಿದಂತೆ ನಡೆಯಬಹುದು. ಇದನ್ನು ಮತ್ತೆ ಸರಿಪಡಿಸುವುದು ಕಷ್ಟ.

ಈ ಪರೀಕ್ಷೆ ಚಿಕಿತ್ಸೆಯಲ್ಲ. ಚಿಕಿತ್ಸೆಗೆ ದಾರಿ ತೋರುವ ಸಾಧನ. ಸ್ನಾಯು ಯಾವಾಗ ಬಿಗಿಯುತ್ತದೆಂಬುದನ್ನು ಇದು ತಿಳಿಸುತ್ತದೆ; ಅದರ ಬಲವೆಷ್ಟೆಂಬುದನ್ನು ನೇರವಾಗಿ ತಿಳಿಸದು. ಆದುದರಿಂದ ವೈದ್ಯರು ಕೀಲುಗಳನ್ನೂ ಕೈಯಿಂದ ಪರೀಕ್ಷಿಸಿ, ವ್ಯಾಯಾಮ, ಪಟ್ಟಿಬೂಟು, ಪ್ಲಾಸ್ಟರ್, ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಬೇಕಾಗುವುದಿಲ್ಲ.

ದಂಪತಿಗಳ ಕರ್ತವ್ಯ

ಹದಿನೆಂಟು ತಿಂಗಳಾದರೂ ಮಗು ನಡೆಯದಿದ್ದರೆ, ಅಥವಾ ನಡಿಗೆಯಲ್ಲಿ ಮೇಲೆ ಹೇಳಿದ ಲಕ್ಷಣಗಳು ಕಂಡರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗೆ ಬಂದಾಗ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ನಡಿಗೆಯ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆ ಹಳೆಯ ಚೀಟಿಗಳನ್ನೂ ಮಗುವಿನ ಪಟ್ಟಿಬೂಟನ್ನೂ ಒಯ್ಯಿರಿ. ಮಗುವಿಗೆ ಚಡ್ಡಿ ತೊಡಿಸಿರಿ.

ಸಾಧ್ಯವಾದರೆ ತಂದೆತಾಯಿಗಳಿಬ್ಬರೂ ಹೋಗಿರಿ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ, “ಯಾವ ಸ್ನಾಯುವಿಗೆ? ಅದನ್ನು ಹೇಗೆ ಗುರುತಿಸಿದಿರಿ?” ಎಂದು ಸಂಕೋಚವಿಲ್ಲದೆ ಕೇಳಿರಿ. ಉತ್ತರವನ್ನು ಅರಿತು, ಇಬ್ಬರೂ ಕೂಡಿ ಒಪ್ಪಿಗೆ ನೀಡುವುದು ಮಗುವಿನ ಹಿತಕ್ಕೆ ಒಳ್ಳೆಯದು.