ಸಿಂಗರಿಸಿದ ಕಾರು ಮಾರುವ ಮುನ್ನ ಆರ್‌ಸಿ ತೆರೆದು ನೋಡಿ

ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆ ಕಾರು ಮಾರಾಟದ ವಾಟ್ಸ್‌ಆ್ಯಪ್ ಸಂದೇಶಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ‘ಕಲ್ಯಾಣ್ ಪಾಸಿಂಗ್, ಫಸ್ಟ್ ಓನರ್, ಹೊಸ ಅಲಾಯ್, ಡಿಕ್ಕಿಯಲ್ಲಿ ಆಂಪ್ಲಿಫೈಯರ್, ಸಿಎನ್‌ಜಿ ಕಿಟ್. ಇದಕ್ಕೆಲ್ಲ ಖರ್ಚು ಮಾಡಿದ್ದೇ ಒಂದೂಮುಕ್ಕಾಲು ಲಕ್ಷ.’ ಫೋಟೊ ಚೆನ್ನಾಗಿರುತ್ತದೆ, ಫೋನೂ ಬರುತ್ತದೆ. ನೋಡಲು ಬಂದವರು ಒಂದು ಸುತ್ತು ಹೊಡೆದು, ‘ಮನೆಯಲ್ಲಿ ಕೇಳಿ ಹೇಳ್ತೇವೆ’ ಎಂದು ಹೊರಟುಹೋಗುತ್ತಾರೆ. ತಿಂಗಳೆರಡು ಕಳೆದರೂ ಕಾರು ಸೊಸೈಟಿಯ ಪಾರ್ಕಿಂಗ್ ಬಿಟ್ಟು ಕದಲುವುದಿಲ್ಲ.

ಎಡವಟ್ಟು ಆ ಸಂದೇಶದ ಕೊನೆಯ ಸಾಲಿನಲ್ಲೇ ಇದೆ. ಮಾಲೀಕ ತನ್ನ ಖುಷಿಗೆ ಮಾಡಿದ ಖರ್ಚನ್ನು ಕೊಳ್ಳುವವ ಭರಿಸುವುದಿಲ್ಲ.

ಬೆಲೆ ಕಟ್ಟುವುದು ಹೀಗೆ: ಅದೇ ಮಾಡೆಲ್, ಅದೇ ವರ್ಷ, ಹತ್ತಿರ ಹತ್ತಿರ ಅಷ್ಟೇ ಕಿಲೋಮೀಟರ್ ಓಡಿದ, ಏನೂ ಮಾರ್ಪಾಡು ಮಾಡದ ಕಾರಿಗೆ ನಿಮ್ಮ ಪಾಸಿಂಗ್‌ನಲ್ಲಿ ಏನು ದರ ನಡೆಯುತ್ತಿದೆ ಎಂದು ನಾಲ್ಕು ಕಡೆ ವಿಚಾರಿಸಿ. ಠಾಣೆಯದು ಎಂಎಚ್-04, ಕಲ್ಯಾಣ-ಡೊಂಬಿವಲಿಯದು 05, ನವಿ ಮುಂಬಯಿಯದು 43. ಅಲ್ಲಿ ಸಿಕ್ಕ ದರವೇ ನಿಮ್ಮ ಕಾರಿನ ಮೂಲ ಬೆಲೆ. ಮ್ಯೂಸಿಕ್ ಸಿಸ್ಟಂ, ಅಲಾಯ್ ಚಕ್ರ, ಲೆದರ್ ಸೀಟುಗಳು ಕಾರು ಬೇಗ ಮಾರಾಟವಾಗಲು ನೆರವಾಗಬಹುದು, ಬೆಲೆಯನ್ನು ಮಾತ್ರ ಹೆಚ್ಚು ಏರಿಸವು. ಕಂಪನಿಯ ಸ್ಟೀರಿಯೊ, ಕಂಪನಿಯ ಚಕ್ರಗಳು ಅಟ್ಟದ ಮೇಲೆ ಇದ್ದರೆ ಇಳಿಸಿ, ಒರೆಸಿ, ಮತ್ತೆ ಜೋಡಿಸಿ. ಬಿಚ್ಚಿದ ಸಾಮಾನನ್ನು ಬೇರೆಯಾಗಿ ಮಾರಿ. ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ಹುಡುಕುವ ಹುಡುಗರು ಬೇರೆ, ಸಂಸಾರಕ್ಕೊಂದು ಕಾರು ಹುಡುಕುವವರು ಬೇರೆ. ಆದರೆ ಸ್ಟೀರಿಯೊ ಕೂರಿಸುವಾಗ ಮೂಲ ವೈರಿಂಗ್ ಕತ್ತರಿಸಿ ಕಪ್ಪು ಟೇಪು ಸುತ್ತಿದ್ದರೆ ಅದನ್ನು ಮೊದಲು ಸರಿಪಡಿಸಿ. ಅನುಭವಸ್ಥ ಗಿರಾಕಿ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಾಯಿಸಿಯೇ ಮಾತು ಶುರುಮಾಡುತ್ತಾನೆ.

ಕೆಲವನ್ನು ಚೌಕಾಸಿಗೂ ಮುಂಚೆ ತೆಗೆದುಬಿಡಬೇಕು. ಮುಂದಿನ ಬಂಪರಿಗೆ ಕಟ್ಟಿದ ಕಬ್ಬಿಣದ ಗಾರ್ಡ್ ಅದರಲ್ಲಿ ಮೊದಲನೆಯದು. ಅದನ್ನು ತೆಗೆಸುವಂತೆ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು 2017ರ ಡಿಸೆಂಬರ್‌ನಲ್ಲಿ. ಗುಡುಗುವ ಸೈಲೆನ್ಸರ್, ಎದುರಿನವರ ಕಣ್ಣು ಕುಕ್ಕುವ ದೀಪ, ಗಾಜಿನ ಕಡುಗಪ್ಪು ಫಿಲ್ಮ್ ಕೂಡ ಹೋಗಲಿ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ಹಾಯಬೇಕು.

ಇನ್ನು ಅಸಲಿ ವಿಷಯ, ಸಿಎನ್‌ಜಿ ಕಿಟ್. ಈ ಭಾಗದಲ್ಲಿ ಮಾರಾಟಕ್ಕೆ ಬರುವ ಕಾರುಗಳಲ್ಲಿ ಅತಿ ಹೆಚ್ಚು ತಕರಾರು ಹುಟ್ಟುವುದು ಇಲ್ಲೇ. ಪೆಟ್ರೋಲ್ ಕಾರಿಗೆ ಹೊರಗಿನ ಗ್ಯಾರೇಜಿನಲ್ಲಿ ಕಿಟ್ ಹಾಕಿಸಿರುತ್ತಾರೆ. ಗ್ಯಾರೇಜಿನವ ‘ಆರ್‌ಟಿಒ ಕೆಲಸ ಆಮೇಲೆ ಮಾಡಿಸಿ ಕೊಡ್ತೇನೆ’ ಎಂದಿರುತ್ತಾನೆ. ಆ ‘ಆಮೇಲೆ’ ಬಂದೇ ಇರುವುದಿಲ್ಲ. ಕಾರು ನಾಲ್ಕು ವರ್ಷ ಗ್ಯಾಸಿನಲ್ಲಿ ಓಡಿದ್ದರೂ ಆರ್‌ಸಿಯ ಇಂಧನದ ಕಾಲಂನಲ್ಲಿ ಇನ್ನೂ ‘ಪೆಟ್ರೋಲ್’ ಎಂದೇ ಇರುತ್ತದೆ.

ಹಾಗಾಗಿ ಜಾಹೀರಾತು ಬರೆಯುವ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಆರ್‌ಸಿ ತೆರೆಯಿರಿ. ಇಂಧನದ ಜಾಗದಲ್ಲಿ ‘ಪೆಟ್ರೋಲ್/ಸಿಎನ್‌ಜಿ’ ಎಂದಿದ್ದರೆ ಸರಿ. ಬರೀ ಪೆಟ್ರೋಲ್ ಎಂದಿದ್ದರೆ ಕಾನೂನಿನ ಕಣ್ಣಿಗೆ ನಿಮ್ಮದು ಅನುಮತಿಯಿಲ್ಲದೆ ಬದಲಾಯಿಸಿದ ವಾಹನ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದೇ ಇದಕ್ಕೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷ ಕಾಯ್ದೆಗೆ ಸೇರಿದ 182ಎ ಕಲಂ ಪ್ರಕಾರ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ. ಮಾನ್ಯತೆ ಪಡೆದ ಸಿಎನ್‌ಜಿ ಕಿಟ್‌ಗೆ ಕಾನೂನಿನಲ್ಲಿ ಅಡ್ಡಿಯಿಲ್ಲ. ಅದನ್ನು ಆರ್‌ಸಿಯಲ್ಲಿ ಬರೆಸಬೇಕು, ಅಷ್ಟೆ.

ಬರೆಸುವುದು ಹೇಗೆ? ಕಿಟ್ ಹಾಕಿದವರಿಂದ ಬಿಲ್ಲು, ಕಿಟ್‌ನ ಅನುಮೋದನೆ ಪತ್ರ, ಸಿಲಿಂಡರಿನ ಪ್ರಮಾಣಪತ್ರ ತರಿಸಿಕೊಳ್ಳಿ. ಡಿಕ್ಕಿಯ ಕಾರ್ಪೆಟ್ ಸರಿಸಿ, ಸಿಲಿಂಡರಿನ ಮೇಲೆ ಕೊರೆದ ಸಂಖ್ಯೆಯನ್ನು ಕಾಗದದಲ್ಲಿರುವ ಸಂಖ್ಯೆಯ ಜೊತೆ ಒಂದೊಂದೇ ಅಂಕಿ ಹಿಡಿದು ತಾಳೆ ನೋಡಿ. ತುಕ್ಕು ಹಿಡಿದಿದ್ದರೆ ಬಟ್ಟೆಯಿಂದ ಉಜ್ಜಿ ಓದಿ, ಅಂದಾಜಿನ ಮೇಲೆ ಬರೆಯಬೇಡಿ. ಎರಡೂ ಸರಿಹೊಂದಿದರೆ ಪರಿವಾಹನ್ ಪೋರ್ಟಲ್‌ನಲ್ಲಿ ವಾಹನ ಬದಲಾವಣೆಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕಾರನ್ನು ಆರ್‌ಟಿಒಗೆ ಒಯ್ದು ತೋರಿಸಿ. ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ ಕಡ್ಡಾಯ. ಅದರ ಅವಧಿ ಮುಗಿದಿದ್ದರೆ ಮೊದಲು ಟೆಸ್ಟ್ ಮಾಡಿಸಿ. ಇಷ್ಟಾದ ಮೇಲೆ ಅದೇ ವಿವರವನ್ನು ವಿಮೆ ಪಾಲಿಸಿಯಲ್ಲೂ ಸೇರಿಸಿ. ಪಾಲಿಸಿಯಲ್ಲಿ ಕಿಟ್ ಇಲ್ಲದಿದ್ದರೆ ನಾಳೆ ಬೆಂಕಿ ಹತ್ತಿದಾಗ ವಿಮೆ ಕಂಪನಿ ಮೊದಲು ಬೆರಳಿಡುವುದು ಅಲ್ಲಿಗೇ.

ಗ್ಯಾರೇಜೇ ಮುಚ್ಚಿಹೋಗಿ ಕಾಗದ ಸಿಗದಿದ್ದರೆ? ಕಿಟ್ ಬಿಚ್ಚಿಸಿ, ಪೆಟ್ರೋಲ್ ಕಾರೆಂದೇ ಮಾರಿ. ಏಜೆಂಟ್ ‘ಕೊಂಡವರು ಮಾಡಿಸ್ಕೊಳ್ತಾರೆ ಬಿಡಿ ಸಾರ್’ ಎನ್ನುತ್ತಾನೆ. ನಂಬಬೇಡಿ. ಅಡ್ವಾನ್ಸ್ ವಾಪಸ್ ಕೇಳಿಕೊಂಡು ಕೊಂಡವರು ಬರುವುದು ನಿಮ್ಮ ಬಾಗಿಲಿಗೆ, ಅವನ ಬಾಗಿಲಿಗಲ್ಲ. ಕಾರಿನ ಬಣ್ಣ ಬದಲಾಯಿಸಿದ್ದರೂ ಇದೇ ಮಾತು: ಆರ್‌ಸಿಯಲ್ಲಿ ಬಿಳಿ, ರಸ್ತೆಯಲ್ಲಿ ಕಡುನೀಲಿ ಎಂದಾದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ.

ಕಾರು ತೋರಿಸುವ ದಿನ ಹೊಳಪಿನ ಪಾಲಿಶ್‌ಗಿಂತ ಸರ್ವಿಸ್ ಬಿಲ್ಲುಗಳ ಫೈಲು ಹೆಚ್ಚು ಕೆಲಸ ಮಾಡುತ್ತದೆ. 2005ರ ಜುಲೈ 26ರ ಮಹಾಮಳೆ, 2019ರಲ್ಲಿ ಉಲ್ಹಾಸ್ ನದಿ ಉಕ್ಕಿ ಬದ್ಲಾಪುರದ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತದ್ದು, ಇವನ್ನು ಕಂಡ ಊರಿದು. ಇಲ್ಲಿನ ಗಿರಾಕಿ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗುರುತು ಹುಡುಕುತ್ತಾನೆ, ಸ್ಟೆಪ್ನಿ ಎತ್ತಿ ಮೂಸುತ್ತಾನೆ. ಬೇಸರಪಡಬೇಡಿ, ನೀವೇ ಎತ್ತಿ ತೋರಿಸಿ. ಟೆಸ್ಟ್ ಡ್ರೈವ್‌ಗೆ ಕೀ ಕೊಡುವ ಮುನ್ನ ಲೈಸೆನ್ಸ್ ನೋಡಿ, ಪಕ್ಕದ ಸೀಟಿನಲ್ಲಿ ನೀವೇ ಕುಳಿತುಕೊಳ್ಳಿ.

ದುಡ್ಡು ಕೈಗೆ ಬಂತೆಂದರೆ ಕೆಲಸ ಮುಗಿಯಿತೆಂದುಕೊಳ್ಳುವವರೇ ಹೆಚ್ಚು. ಸುಪ್ರೀಂ ಕೋರ್ಟಿನ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣವನ್ನು ಅಂಥವರು ತಿಳಿದಿರಬೇಕು. ಅದರಲ್ಲಿ ಮೊದಲ ಮಾಲೀಕ ಕಾರು ಮಾರಿದ್ದು 2007ರಲ್ಲಿ. ಆಮೇಲೆ ಅದು ಕೈಯಿಂದ ಕೈಗೆ ಹೋಯಿತು, ಆದರೆ ಆರ್‌ಸಿಯಲ್ಲಿ ಹೆಸರು ಬದಲಾಗಲಿಲ್ಲ. 2009ರಲ್ಲಿ ಅಪಘಾತವಾಯಿತು. ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದ ಮೊದಲ ಮಾಲೀಕನದೇ ಎಂದು 2018ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿ ಏಜೆಂಟನ ಕೈಗಿತ್ತು ನೆಮ್ಮದಿಯಾಗಿ ಮಲಗುವವರ ನಿದ್ದೆ ಇಷ್ಟರ ಮೇಲೂ ಕೆಡದಿದ್ದರೆ ಅದು ಅವರ ಧೈರ್ಯ.

ಉಳಿದದ್ದು ಚುಟುಕಾಗಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಬಾಕಿ ಇ-ಚಲನ್ ಕಟ್ಟಿ. ಮಾರಿದ 14 ದಿನದೊಳಗೆ ಫಾರ್ಮ್ 29ರಲ್ಲಿ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ಫಾರ್ಮ್ 30 ಸಲ್ಲಿಸುವುದು ಕೊಂಡವರದು, ಅವರಿಗೆ 30 ದಿನ. ಊರಿನ ಅಳಿಯನಿಗೋ ತಮ್ಮನಿಗೋ ಕೊಟ್ಟು ಕಾರು ಉಡುಪಿ, ಮಂಗಳೂರಿಗೆ ಹೋಗುವುದಾದರೆ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದ ತೆರಿಗೆಯೂ ಬೇರೆ. ನೆಂಟರೆಂದು ಕಾಗದ ಬಿಟ್ಟರೆ ನೆಂಟಸ್ತಿಕೆಯೂ ಕೆಡುತ್ತದೆ. ನೋ ಕ್ಲೇಮ್ ಬೋನಸ್ ಕಾರಿನದಲ್ಲ, ನಿಮ್ಮದು. ವಿಮೆ ಕಂಪನಿಯಿಂದ ಪತ್ರ ಪಡೆದರೆ 3 ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಫಾಸ್ಟ್ಯಾಗ್ ಬಂದ್ ಮಾಡಿಸಿ. ಕಾರು ಒಪ್ಪಿಸಿದ ದಿನಾಂಕ, ಗಂಟೆ ಬರೆದು ಇಬ್ಬರ ಸಹಿಯಿರುವ ಡೆಲಿವರಿ ನೋಟ್ ಮಾಡಿಕೊಳ್ಳಿ. ಕೊಂಡವರ ಹೆಸರು ಎಂಪರಿವಾಹನ್‌ನಲ್ಲಿ ಕಣ್ಣಾರೆ ಕಂಡ ಮೇಲೂ ಅದನ್ನು ಎಸೆಯಬೇಡಿ.